ಹಾಳೆಯ ಆಚೆ ಬದಿ

ಜೂನ್ ೧೮

ಪ್ರೀತಿಯ ಅತ್ತೆಗೆ ನಿಮ್ಮ ಗುಬ್ಬಿಯ ನಮಸ್ಕಾರಗಳು.

ಈ ಪತ್ರ ನೋಡಿದ ಕೂಡಲೇ ಮೂಗು ಮುರಿಯುತ್ತೀರಿ ಎಂದು ಗೊತ್ತು. ಮುರಿದು ಮುಗಿಸಿ, ಆಮೇಲೆ ಓದಿ.

ಫೋನ್ ಮಾಡೋಣ ಎಂದುಕೊಂಡಿದ್ದೆ. ಅಪ್ಪ ತಡೆದ. "ಅಕ್ಕಂಗೆ ಈಗ ಫೋನೂ ಕೇಳ್ಸಲ್ಲ, ಪಕ್ಕದಲ್ಲಿ ನಿಂತು ಕೂಗಿದ್ರೂ ಕೇಳ್ಸಲ್ಲ. ಸ್ಲೇಟ್ ಇಟ್ಕೊಂಡಿದ್ದಾಳೆ, ಏನಿದ್ರೂ ಬರೆದು ತೋರಿಸ್ಬೇಕು" ಅಂದ. ಅತ್ತೆ, ಇಷ್ಟಾದರೂ ನೀವು ನನಗೆ ಒಂದು ಸಾಲು ಬರೆಯಲಿಲ್ಲ. ನಾನು ವೇದಿಕೆ ಬಿಟ್ಟು ಪ್ರಾಥಮಿಕ ಶಾಲೆ ಸೇರಿದ್ದಕ್ಕೆ ನಿಮಗೆ ಮುನಿಸು, ಸರಿ. ಕಿವಿಯ ವಿಷಯ ಬೇರೆಯಲ್ಲವೇ? ಅಪ್ಪ ಕೆಲಸದ ಮೇಲೆ ಊರೂರು ಸುತ್ತುವಾಗ ನನ್ನನ್ನು ಮನೆಯಲ್ಲಿಟ್ಟುಕೊಂಡು ಸಾಕಿ, ಪಿಟೀಲು ಕಲಿಸಿದವರು ನೀವು. ನಾನು ಬಾರಿಸಿದ ಪ್ರತಿ ಅಪಸ್ವರವನ್ನೂ ಅಡುಗೆಮನೆಯಿಂದಲೇ ಹಿಡಿಯುತ್ತಿದ್ದ ಕಿವಿ ಅದು. ಅದು ಹೋದ ಸುದ್ದಿಯನ್ನು ಇನ್ನೊಬ್ಬರ ಬಾಯಿಂದ ಕೇಳಬೇಕಾಯಿತು.

ಬೈಯುವುದು ಮುಗಿಯಿತು. ಈಗ ನನ್ನ ಸಮಾಚಾರ.

ಈ ಶಾಲೆಯಲ್ಲಿ ಚಿತ್ರಕ್ಕೂ ಸಂಗೀತಕ್ಕೂ ನಾನೊಬ್ಬಳೇ ಟೀಚರ್, ಎರಡಕ್ಕೂ ಒಂದೇ ಕೋಣೆ. ಹಿಂದೆ ಅದು ಮುರಿದ ಬೆಂಚುಗಳ ಉಗ್ರಾಣವಾಗಿತ್ತಂತೆ. ಗೋಡೆಗೊಂದು ಪಿಯಾನೊ ಒರಗಿಸಿದ್ದಾರೆ, ಅದರ ಎರಡು ಕೀಗಳು ಒತ್ತಿದರೆ ಮೇಲೇಳುವುದೇ ಇಲ್ಲ. ಮೂಲೆಯಲ್ಲಿ ನಲ್ಲಿ, ಅದರ ಕೆಳಗಿನ ತೊಟ್ಟಿಗೆ ಎಲ್ಲ ಬಣ್ಣಗಳೂ ಸೇರಿ ಒಂದು ಹೆಸರಿಲ್ಲದ ಬಣ್ಣ ಬಂದಿದೆ. ಒದ್ದೆ ಚಿತ್ರಗಳನ್ನು ಒಣಹಾಕಲು ಕೋಣೆಯ ನಟ್ಟನಡುವೆ ಹಗ್ಗ ಕಟ್ಟಿದ್ದೇನೆ. ಹಾಗಾಗಿ ಅರ್ಧ ಮಕ್ಕಳು ಹಗ್ಗದ ಈಚೆ, ಅರ್ಧ ಆಚೆ. ಹೆಡ್‌ಮಿಸ್ ಬಂದು ನೋಡಿ, "ಬಟ್ಟೆ ಒಗೆಯೋ ಕ್ಲಾಸೂ ಇದೆಯೇನಮ್ಮ?" ಎಂದು ಕೇಳಿ ಹೋದರು.

ಮೊದಲ ವಾರ ಮೂರನೇ ತರಗತಿಯವರು ನನ್ನ ತಲೆ ತಿಂದರು. ಏನು ಬಿಡಿಸಿ ಎಂದರೂ ಮನೆ, ಮರ, ಸೂರ್ಯ. ಒಂದು ದಿನ ಸುಸ್ತಾಗಿ, ಜವಾನರ ಹತ್ತಿರ ಹಿತ್ತಾಳೆಯ ಗಂಟೆ ಇಸಕೊಂಡು ಬಂದು ಹೇಳಿದೆ: "ಎಲ್ಲರೂ ಕಣ್ಣು ಮುಚ್ಚಿ. ನಾನು ಒಂದ್ಸಲ ಗಂಟೆ ಹೊಡೀತೀನಿ. ಗಂಟೆ ಬಿಡಿಸ್ಬೇಡಿ, ಸದ್ದು ಬಿಡಿಸಿ."

ಮುಂದಿನ ಎರಡು ಹಲ್ಲು ಬಿದ್ದ ಹುಡುಗಿಯೊಬ್ಬಳಿದ್ದಾಳೆ. ಎಲ್ಲರೂ ಬೊಚ್ಚಿ ಎಂದೇ ಕರೆಯುತ್ತಾರೆ, ಅವಳೂ ಗತ್ತಿನಿಂದಲೇ ಓಗೊಡುತ್ತಾಳೆ. ಅವಳು ಹಾಳೆಯ ಎಡ ಅಂಚಿನಲ್ಲಿ ಕಪ್ಪು ಕ್ರೇಯಾನನ್ನು ಒತ್ತಿ ದಪ್ಪಗೆ ಶುರುಮಾಡಿದಳು. ಗೆರೆ ಬಲಕ್ಕೆ ಹೋದ ಹಾಗೆ ಸಪೂರವಾಗುತ್ತಾ ಬಂತು. ಹಾಳೆಯ ಅಂಚು ಬಂದರೂ ಅವಳು ನಿಲ್ಲಲಿಲ್ಲ. ಮೇಜಿನ ಮೇಲೆ ಎಳೆದಳು, ಪಕ್ಕದವಳ ಮೊಣಕೈ ಎತ್ತಿಸಿ ಅದರ ಕೆಳಗೂ ಎಳೆದಳು. ಕೊನೆಗೆ ಕ್ರೇಯಾನು ಮರಕ್ಕೆ ತಾಗುತ್ತಿದೆಯೋ ಇಲ್ಲವೋ ಎನ್ನುವಷ್ಟು ತೆಳ್ಳಗೆ.

"ಏನಮ್ಮ ಇದು, ಮೇಜೆಲ್ಲಾ ಗೀಚಿದ್ದೀಯ?" ಅಂದೆ.

"ನಾನೇನ್ ಮಾಡ್ಲಿ ಟೀಚರ್? ಹಾಳೆ ಮುಗ್ದೋಯ್ತು. ಸದ್ದು ಮುಗ್ದಿರ್ಲಿಲ್ಲ."

ಅತ್ತೆ, ಇಷ್ಟು ವರ್ಷ ಪಿಟೀಲು ಹಿಡಿದಿದ್ದೇನೆ, ಒಂದು ಸದ್ದು ಎಲ್ಲಿ ಮುಗಿಯುತ್ತದೆ ಎಂದು ಅದರ ಹಿಂದೆ ಅಷ್ಟು ದೂರ ನಾನು ಹೋಗಿದ್ದೇ ಇಲ್ಲ. ಮೇಜು ಒರೆಸಲು ಬಟ್ಟೆ ಕೈಯಲ್ಲಿ ಹಿಡಿದುಕೊಂಡವಳು ಒರೆಸದೆ ಹಾಗೇ ಬಿಟ್ಟೆ. ಇದನ್ನು ಯಾರಿಗಾದರೂ ಹೇಳಬೇಕಿತ್ತು, ನಿಮ್ಮನ್ನು ಬಿಟ್ಟು ಇನ್ಯಾರಿಗೂ ಹೇಳಲು ಮನಸ್ಸಾಗಲಿಲ್ಲ.

ನಿಮ್ಮ ಗುಬ್ಬಿ


ಜುಲೈ ೫

ಗುಬ್ಬಿಗೆ,

ಮೂಗು ಮುರಿದಾಯಿತು. ಪತ್ರವನ್ನೂ ಓದಿದೆ.

ಕಿವಿ ಹೋದದ್ದು ಊರಿಗೆಲ್ಲ ಸಾರುವ ಸಂಗತಿಯಲ್ಲ. ಮೊದಲು ಮೇಲಿನ ಸ್ವರಗಳು ಹೋದವು. ಬೀದಿಯಲ್ಲಿ ಹಕ್ಕಿಗಳೇ ಕಡಿಮೆಯಾಗಿವೆ ಎಂದುಕೊಂಡಿದ್ದೆ. ಆಮೇಲೆ ಬಾಗಿಲ ಕರೆಗಂಟೆ ಹೋಯಿತು. ಒಂದು ದಿನ ರಂಗಮಂದಿರದಲ್ಲಿ ನಾಟಕದ ನಡುವೆ ನಾನು ಚೆನ್ನಾಗಿಯೇ ನುಡಿಸುತ್ತಿದ್ದೇನೆ ಎಂದುಕೊಂಡಿರುವಾಗ ವಾದ್ಯವೃಂದದ ನಿರ್ದೇಶಕರು ನನ್ನ ಕಡೆ ತಿರುಗಿ ನೋಡಿದರು. ಬೈಯಲಿಲ್ಲ, ಬರೀ ನೋಡಿದರು. ಮರುದಿನದಿಂದ ನಾನು ಹೋಗಲಿಲ್ಲ. ಈಗ ಎಲ್ಲವೂ ಹೋಗಿದೆ. ಇಷ್ಟೇ ಕಥೆ, ಇದಕ್ಕೆ ಪತ್ರ ಬೇರೆ ಬೇಕಿತ್ತೇ?

ನನಗೆ ಇಲ್ಲಿ ಏನೂ ಕಮ್ಮಿಯಿಲ್ಲ. ಕೆಳಗಿನ ಮನೆಯ ಹೊಲಿಗೆಯಾಕೆ ದಿನಾ ಬಂದು ಹೋಗುತ್ತಾಳೆ. ದಾರ ಉಳಿಸುವ ಹಾಗೆಯೇ ಸೀಮೆಸುಣ್ಣವನ್ನೂ ಉಳಿಸುತ್ತಾಳೆ, ಸ್ಲೇಟಿನ ಮೇಲೆ ಮೂರು ನಾಲ್ಕು ಪದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಜಗತ್ತಿನಲ್ಲಿ ಎಲ್ಲರೂ ಹೀಗಿದ್ದರೆ ಕಿವುಡಾಗುವುದು ಅಂಥ ಕಷ್ಟವೇನಲ್ಲ.

ನಿನ್ನ ಕೆಲಸದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ನಿನ್ನ ಬೆರಳು ಅಂಥಿಂಥದ್ದಲ್ಲ, ಅದನ್ನು ನೀನು ಅಂಟು ಸವರಲು ಬಳಸುತ್ತಿದ್ದೀಯ. ಸದ್ದನ್ನು ಕ್ರೇಯಾನಿನಲ್ಲಿ ಬಿಡಿಸುವುದು ಮಕ್ಕಳಾಟ. ಸಂಗೀತ ಬರೆಯಲು ಸ್ವರಲಿಪಿ ಇದೆ, ಬಹಳ ಜನ ಬಹಳ ಕಾಲ ಕೂತು ಮಾಡಿದ್ದು. ಅದನ್ನು ಕಲಿಸು.

ಅತ್ತೆ

ಆ ಹಲ್ಲಿಲ್ಲದವಳ ಗೆರೆ ಮೇಜಿನ ಮೇಲೆ ಎಲ್ಲಿಯವರೆಗೆ ಹೋಗಿತ್ತು ಎಂದು ನೀನು ಬರೆದಿಲ್ಲ.


ಆಗಸ್ಟ್ ೧೧

ಪ್ರೀತಿಯ ಅತ್ತೆಗೆ,

ಮೇಜಿನ ಆಚೆ ತುದಿಯವರೆಗೆ ಹೋಗಿತ್ತು. ತುದಿಯಿಂದ ಕೆಳಗೆ ಬಿದ್ದಿತೋ ಏನೋ, ಅಲ್ಲಿಂದ ಮುಂದೆ ನನ್ನ ಕಣ್ಣಿಗೆ ಕಾಣಲಿಲ್ಲ. ಬೊಚ್ಚಿಯನ್ನು ಕೇಳಿದರೆ "ಅಲ್ಲಿ ಇನ್ನೂ ಇದೆ" ಎನ್ನುತ್ತಾಳೆ.

ಸ್ವರಲಿಪಿ ಕಲಿಸು ಎಂದಿರಿ. ಕಲಿಸುತ್ತೇನೆ, ಆದರೆ ಅವರು ಆಗಲೇ ತಮ್ಮದೊಂದನ್ನು ಮಾಡಿಕೊಂಡುಬಿಟ್ಟಿದ್ದಾರೆ. ನಾನು ಹೇಳಿಕೊಟ್ಟದ್ದಲ್ಲ. ಹಾಡುವಾಗ ಸ್ವರ ಎಷ್ಟು ಎತ್ತರದಲ್ಲಿದೆ ಎಂದು ಕೈಯಿಂದ ತೋರಿಸಿ ಎಂದಿದ್ದೆ, ಅಷ್ಟೇ. ಅವರೇ ಜಗಳವಾಡಿ ಮೈಮೇಲೆ ಮೆಟ್ಟಿಲು ಕಟ್ಟಿಕೊಂಡರು. ತೀರ ಕೆಳಗಿನ ಸ್ವರಕ್ಕೆ ಮೊಣಕಾಲು, ಅದರ ಮೇಲೆ ಸೊಂಟ, ಹೊಟ್ಟೆ, ಎದೆ, ಭುಜ, ಕಿವಿ, ನೆತ್ತಿ. ಎಲ್ಲಕ್ಕಿಂತ ಮೇಲಿನದಕ್ಕೆ ಚಾಚಿದ ಕೈ. ಹಾಳೆಯ ಕೆಳಗಿನ ಅಂಚೆಂದರೆ ಮೊಣಕಾಲು, ಮೇಲಿನ ಅಂಚೆಂದರೆ ಚಾಚಿದ ಕೈ. ಗೆರೆ ದಪ್ಪವಿದ್ದರೆ ಜೋರು, ತೆಳ್ಳಗಿದ್ದರೆ ಮೆಲ್ಲಗೆ. ಗೆರೆ ಕಡಿದರೆ ಉಸಿರು ತೆಗೆದುಕೊಳ್ಳಬೇಕು. ಯಾವಾಗಲೂ ಎಡದಿಂದ ಬಲಕ್ಕೆ.

ಈಗ ಕೇಳಿ. ಕೇಳಿ ಎಂದರೆ ಓದಿ. ಹೋದ ವಾರ ನಾನು ಕುಳಿತಲ್ಲೇ ಒಂದು ಚಿಕ್ಕ ರಾಗ ಕಟ್ಟಿ ಮೂರನೇ ತರಗತಿಗೆ ಗುನುಗಿದೆ. ಅವರು ಬಿಡಿಸಿದರು. ಹಾಳೆಗಳನ್ನು ಪಿಯಾನೊ ಮೇಲೆ ಇಟ್ಟು ಮರೆತಿದ್ದೆ. ನಾಲ್ಕನೇ ತರಗತಿಯವರು ಬಂದು, ಯಾರನ್ನೂ ಕೇಳದೆ, ಹಾಳೆ ಎತ್ತಿಕೊಂಡು ಹಾಡತೊಡಗಿದರು. ಕೈ ಸೊಂಟದಿಂದ ಭುಜಕ್ಕೆ, ಭುಜದಿಂದ ಎದೆಗೆ. ನಾನು ಬಣ್ಣದ ಬ್ರಷ್ ತೊಳೆಯುತ್ತಿದ್ದವಳು ತಿರುಗಿ ನೋಡಿದೆ. ಅದು ನನ್ನದೇ ರಾಗ! ನಾಲ್ಕನೇ ತರಗತಿಯ ಕಿವಿಗೆ ಎಂದೂ ಬೀಳದ ರಾಗ ಅದು. ನೀರು ನಲ್ಲಿಯಿಂದ ಹಾಗೇ ಹರಿಯುತ್ತಿತ್ತು, ನಿಲ್ಲಿಸುವುದು ಮರೆತೇಹೋಯಿತು.

ಹೆಡ್‌ಮಿಸ್ ಗಲಾಟೆ ಎಂದು ಗದರಿಸಲು ಬಂದವರು ಬಾಗಿಲಲ್ಲೇ ನಿಂತರು. ಆಮೇಲೆ ನನ್ನ ಹತ್ತಿರ ಬಂದು ಪಿಸುಗುಟ್ಟಿದರು, "ಏನಿದು, ಒಬ್ಬರ ತಲೇಲಿರೋದು ಇನ್ನೊಬ್ಬರ ಬಾಯಲ್ಲಿ ಬರ್ತಿದೆ?"

ಅತ್ತೆ, ಅಂದಿನಿಂದ ನನಗೆ ಒಂದೇ ಯೋಚನೆ. ನೀವು ಅಡುಗೆಮನೆಯ ಬಾಗಿಲಲ್ಲಿ ನಿಂತು ನುಡಿಸುತ್ತಿದ್ದಿರಲ್ಲ, ನಿಮ್ಮದೇ ರಾಗ. ಕೆಳಗಿನ ತಂತಿಯಲ್ಲಿ ಶುರುವಾಗಿ ಹತ್ತಿ ಹತ್ತಿ ತುತ್ತತುದಿಗೆ ಹೋಗಿ ಅಲ್ಲೇ ನಿಂತುಬಿಡುತ್ತಿತ್ತು. ನೀವು ಕಮಾನು ಕೆಳಗಿಟ್ಟು "ಸಾಕು, ಹಾಲು ಉಕ್ಕುತ್ತೆ ನೋಡು" ಎನ್ನುತ್ತಿದ್ದಿರಿ. ಹಾಲು ಒಲೆಯ ಮೇಲೆ ಇರುತ್ತಲೇ ಇರಲಿಲ್ಲ. ಆ ರಾಗವನ್ನು ನನ್ನ ಮಕ್ಕಳಿಗೆ ಬಿಡಿಸಿ ಕಳಿಸಿ. ಅವರ ಮೆಟ್ಟಿಲಿನ ಲೆಕ್ಕದಲ್ಲೇ ಬಿಡಿಸಿ.

ನಿಮ್ಮ ಗುಬ್ಬಿ


ಆಗಸ್ಟ್ ೨೩

ಗುಬ್ಬಿಗೆ,

ಆಗುವುದಿಲ್ಲ.

ಅದು ಮುಗಿಯದ ರಾಗ. ಅಟ್ಟ ಹತ್ತಿದ ಮೇಲೆ ಏಣಿ ಜಾರಿಬಿದ್ದ ಹಾಗೆ ಅದು ಮೇಲೆಯೇ ಉಳಿದುಕೊಂಡಿತು. ಇಳಿಸಲು ನಾನು ಮಾಡದ ಪ್ರಯತ್ನವಿಲ್ಲ. ಎಷ್ಟು ಹೊಸ ದಾರಿ ಹುಡುಕಿದೆ, ಎಲ್ಲವೂ ಬೇರೆ ಯಾವುದೋ ರಾಗದ ಮನೆಗೆ ಹೋಗಿ ಸೇರುತ್ತಿತ್ತು. ಕಿವಿ ಇದ್ದಾಗಲೇ ಸಿಗದದ್ದು ಈಗ ಸಿಗುತ್ತದೆಯೇ? ಅರ್ಧ ಕೆಲಸವನ್ನು ಮಕ್ಕಳ ಮುಂದೆ ಇಡುವವಳು ನಾನಲ್ಲ.

ಇನ್ನೊಂದು ವಿಷಯ, ಇದನ್ನೂ ನಿಮ್ಮಪ್ಪನ ಬಾಯಿಂದ ಕೇಳಿಸಿಕೊಂಡು ನನ್ನ ಮೇಲೆ ಹಾರಾಡಬೇಡ. ನನ್ನ ಪಿಟೀಲನ್ನು ರಂಗಮಂದಿರದಲ್ಲಿ ಈಗ ನನ್ನ ಜಾಗದಲ್ಲಿ ಕೂರುವ ಹುಡುಗಿಗೆ ಕೊಡುತ್ತಿದ್ದೇನೆ. ಹೊಸ ವರ್ಷಕ್ಕೆ ಬಂದು ಒಯ್ಯುತ್ತಾಳೆ. ಒಳ್ಳೆಯ ಕೈ ಅವಳದು. ಪೆಟ್ಟಿಗೆ ಮುಚ್ಚಿ ಬೀರುವಿನ ಮೇಲಿಟ್ಟಿದ್ದೇನೆ. ವಾದ್ಯವನ್ನು ಸುಮ್ಮನೆ ಇಟ್ಟರೆ ಅದರ ದನಿ ಸಾಯುತ್ತದೆ. ಮನೆಯಲ್ಲಿ ದನಿಯಿಲ್ಲದವಳು ನಾನೊಬ್ಬಳೇ ಸಾಕು.

ನಿನಗೆ ಕೊಡಬಹುದಿತ್ತು. ನೀನು ಅಂಟಿನ ಕೈಯಲ್ಲಿ ಮುಟ್ಟುತ್ತೀಯ.

ಅತ್ತೆ


ಅಕ್ಟೋಬರ್ ೧೪

ಟೀಚರ್ ಅತ್ತೆಯವರಿಗೆ,

ಮೂರನೇ ತರಗತಿಯವರು ಬರೆಯುವ ಪತ್ರ. ಟೀಚರ್ ಹೇಳಿಕೊಟ್ಟಿಲ್ಲ. ನಾವೇ ಹೇಳಿದೆವು, ಚೆನ್ನಾಗಿ ಬರೆಯುವವರು ಬರೆದರು, ಉಳಿದವರು ತಪ್ಪು ಹುಡುಕಿದರು.

ನಿಮಗೆ ಕಿವಿ ನೋಯುತ್ತದಾ? ಬಾಗಿಲು ತಟ್ಟಿದರೆ ಹೇಗೆ ಗೊತ್ತಾಗುತ್ತದೆ? ಯಾರಾದರೂ ನಿಮ್ಮನ್ನು ಬೈದರೆ ನೀವು ಕಣ್ಣು ಮುಚ್ಚಿಕೊಂಡರೆ ಸಾಕಾ? ಹಾಗಿದ್ದರೆ ತುಂಬಾ ಒಳ್ಳೆಯದು. ಕನಸಿನಲ್ಲಿ ನಿಮಗೆ ಕೇಳಿಸುತ್ತದಾ?

ನೀವು ಪಿಟೀಲನ್ನು ಕೊಟ್ಟುಬಿಡುತ್ತೀರಂತೆ. ಟೀಚರ್ ಅದನ್ನು ಹೇಳಿ ತುಂಬಾ ಹೊತ್ತು ಬ್ರಷ್ ತೊಳೆದರು. ಬ್ರಷ್ ಆಗಲೇ ಚೊಕ್ಕಟವಾಗಿತ್ತು. ನಿಮಗೆ ಕೇಳಿಸದಿದ್ದರೆ ಏನಾಯಿತು, ನಮಗೆ ಕೇಳಿಸುತ್ತದಲ್ಲ.

ನಿಮ್ಮ ರಾಗ ಮೇಲೆ ಹತ್ತಿ ಅಲ್ಲೇ ನಿಂತಿದೆಯಂತೆ. ಎಷ್ಟು ದಿನದಿಂದ? ಅದಕ್ಕೆ ಭಯ ಆಗುವುದಿಲ್ಲವಾ? ನಮ್ಮಲ್ಲಿ ಒಬ್ಬ ನೀರಿನ ಟ್ಯಾಂಕ್ ಹತ್ತಿ ಇಳಿಯಲು ಬರದೆ ಅತ್ತಿದ್ದ. ಅವನು ಹೇಳುತ್ತಾನೆ, ಮೇಲೆ ಒಬ್ಬರೇ ಇರುವುದು ಚೆನ್ನಾಗಿರುವುದಿಲ್ಲ, ಯಾರಾದರೂ ಜೊತೆಗೆ ಬರಬೇಕು ಎಂದು. ನಾವು ಬರುತ್ತೇವೆ. ನೀವು ದಾರಿ ಬಿಡಿಸಿ ಕಳಿಸಿ.

ಇಂತಿ ನಿಮ್ಮ
ಮೂರನೇ ತರಗತಿ

ಬೊಚ್ಚಿಗೆ ಒಂದು ಹಲ್ಲು ಬಂದಿದೆ. ಇನ್ನೊಂದು ಬಂದ ಮೇಲೆ ಅವಳನ್ನು ಏನೆಂದು ಕರೆಯುವುದು ಎಂದು ತೀರ್ಮಾನವಾಗಿಲ್ಲ.


ನವೆಂಬರ್ ೯

ಮೂರನೇ ತರಗತಿಯವರಿಗೆ,

ಕಿವಿ ನೋಯುವುದಿಲ್ಲ. ಬಾಗಿಲು ತಟ್ಟಿದರೆ ಗೊತ್ತಾಗುವುದಿಲ್ಲ, ಅದಕ್ಕೇ ಹಗಲೆಲ್ಲ ತೆರೆದೇ ಇಟ್ಟಿರುತ್ತೇನೆ. ಬೈಯುವವರ ಮುಂದೆ ಕಣ್ಣು ಮುಚ್ಚುವ ಉಪಾಯ ಚೆನ್ನಾಗಿದೆ, ಇಲ್ಲಿಯವರೆಗೆ ಹೊಳೆದಿರಲಿಲ್ಲ.

ಕನಸಿನಲ್ಲಿ ಕೇಳಿಸುತ್ತದೆ. ಇದನ್ನು ಈವರೆಗೆ ಯಾರೂ ನನ್ನಲ್ಲಿ ಕೇಳಿರಲಿಲ್ಲ. ಡಾಕ್ಟರೂ ಕೇಳಿರಲಿಲ್ಲ.

ಇದರ ಜೊತೆ ರಾಗ ಕಳಿಸಿದ್ದೇನೆ. ಮನೆಯಲ್ಲಿ ಬೇರೆ ದೊಡ್ಡ ಹಾಳೆ ಇರಲಿಲ್ಲ, ಇದ್ದದ್ದರಲ್ಲಿ ಬಿಡಿಸಿದೆ. ತೆಳು ಹಾಳೆ, ಹುಷಾರಾಗಿ ಹಿಡಿಯಿರಿ. ನಿಮ್ಮ ಮೊಣಕಾಲು, ಸೊಂಟ, ನೆತ್ತಿಯ ಲೆಕ್ಕದಲ್ಲೇ ಇದೆ. ಸ್ವರ ನಿಲ್ಲುವ ಕಡೆಯಲ್ಲೆಲ್ಲ ಚುಕ್ಕೆ ಇಟ್ಟಿದ್ದೇನೆ, ಚುಕ್ಕೆಯ ಮೇಲೆ ಸ್ವಲ್ಪ ಹೊತ್ತು ಕೂರಬೇಕು. ಕೊನೆಯಲ್ಲಿ ಮೇಲೆ ಹೋಗಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳುವುದು ನನ್ನ ಅಭ್ಯಾಸವಲ್ಲ.

ಟ್ಯಾಂಕ್ ಹತ್ತಿದವನಿಗೆ ಹೇಳಿ, ಭಯ ಆಗುತ್ತದೆ.

ನಿಮ್ಮ ಟೀಚರ್ ಅತ್ತೆ


ನವೆಂಬರ್ ೨೭

ಪ್ರೀತಿಯ ಅತ್ತೆಗೆ,

ನಿಮ್ಮ ಹಾಳೆ ಬಿಚ್ಚಿದ ಕೂಡಲೇ ಕಮಾನಿಗೆ ತಿಕ್ಕುವ ರಾಳದ ವಾಸನೆ ಬಂತು. ಪಿಟೀಲನ್ನು ಸುತ್ತಿಡುವ ಹಾಳೆ ಅದು. ವಾದ್ಯದ ಹೆಗಲು ತಾಗುತ್ತಿದ್ದಲ್ಲಿ ಮಡಿಚಿದ ಗೆರೆ ಕೂಡ ಹಾಗೇ ಇದೆ. ಬೀರುವಿನ ಮೇಲಿಂದ ಪೆಟ್ಟಿಗೆ ಇಳಿಸಿದ್ದೀರಿ. ಅದರ ಬಗ್ಗೆ ನೀವೇನೂ ಬರೆದಿಲ್ಲ, ನಾನೂ ಏನೂ ಕೇಳುವುದಿಲ್ಲ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ.

ಆ ಹಾಳೆಯನ್ನು ಗೋಡೆಗೆ ಹಚ್ಚಿದರೆ ಹರಿದೀತು, ಮೇಜಿನ ಮೇಲಿಟ್ಟರೆ ಇಷ್ಟು ತಲೆಗಳಿಗೆ ಕಾಣದು. ಹಾಗಾಗಿ ಚಿತ್ರ ಒಣಹಾಕುವ ಹಗ್ಗಕ್ಕೆ ಎರಡು ಕ್ಲಿಪ್ ಹಾಕಿ ತೂಗುಬಿಟ್ಟೆ. ಕೋಣೆಯ ನಡುವೆ ತೂಗುತ್ತಿತ್ತು. ನಾನು ಮಾಡಿದ ಎಡವಟ್ಟು ಇಷ್ಟೇ. ಆಚೆ ಕುಳಿತವರನ್ನೂ ಈಚೆ ಕರೆದು ಕೂರಿಸಬೇಕಿತ್ತು, ಅದು ತಲೆಗೇ ಬರಲಿಲ್ಲ. ನನ್ನ ಕಣ್ಣೆಲ್ಲ ನಿಮ್ಮ ಗೆರೆಯ ಮೇಲಿತ್ತು. ಎಷ್ಟು ಧೈರ್ಯದ ಗೆರೆ ಅತ್ತೆ! ಎಲ್ಲಿಯೂ ತಡವರಿಸಿಲ್ಲ. ಶಾಯಿ ಹಾಳೆಯ ಹಿಂಬದಿಗೂ ಇಳಿದಿತ್ತು.

ಈಚೆಯವರಿಗೆ ಮೊದಲು ಹಾಡಲು ಹೇಳಿದೆ. ಪಿಯಾನೊದಲ್ಲಿ ಮೊಣಕಾಲಿನ ಸ್ವರ ಒತ್ತಿದೆ. ಅವರು "ಆ" ಎಂದು ಶುರುಮಾಡಿದರು. ಕೈಗಳು ಮೊಣಕಾಲಿನಿಂದ ಎದ್ದವು. ಸೊಂಟದಲ್ಲಿ ಒಂದು ಚುಕ್ಕೆ, ಅಲ್ಲಿ ಕುಳಿತರು. ಹೊಟ್ಟೆ, ಎದೆ, ಮತ್ತೆ ಹೊಟ್ಟೆಗೆ ಒಂದು ಸಣ್ಣ ಜಾರು, ಮತ್ತೆ ಭುಜ. ನಿಮ್ಮ ಅಡುಗೆಮನೆಯ ಬಾಗಿಲು ನನ್ನ ಕಣ್ಣ ಮುಂದೆ ಬಂತು. ಕಿವಿ, ನೆತ್ತಿ. ಕೊನೆಗೆ ಎಲ್ಲರ ಕೈಗಳೂ ಮೇಲೆ ಚಾಚಿಕೊಂಡು, ಸ್ವರ ಅಲ್ಲಿ ನಿಂತಿತು. ಹಾಲು ಉಕ್ಕುತ್ತೆ ನೋಡು ಎಂದು ಯಾರಾದರೂ ಹೇಳಬೇಕಿತ್ತು. ಯಾರೂ ಹೇಳಲಿಲ್ಲ. ಅವರ ಉಸಿರು ತೀರುತ್ತಾ ಬಂದಿತ್ತು.

ಆಗ ಹಾಳೆಯ ಆಚೆಯಿಂದ ದನಿ ಬಂತು.

ಆಚೆ ಕುಳಿತವರು ತಮ್ಮ ಸರದಿ ಎಂದುಕೊಂಡು, ತಮಗೆ ಕಾಣುವುದನ್ನು ತಾವು ಹಾಡತೊಡಗಿದ್ದರು. ಎಂದಿನಂತೆ ಎಡದಿಂದ ಬಲಕ್ಕೆ. ಆದರೆ ಅವರ ಎಡ ನಮಗೆ ಬಲ. ಹಾಳೆಯ ಹಿಂಬದಿಯಿಂದ ನೋಡಿದರೆ ನಿಮ್ಮ ರಾಗ ಮೇಲಿನಿಂದ ಶುರುವಾಗುತ್ತದೆ. ಅವರ ಕೈಗಳು ಮೇಲೆ ಚಾಚಿಕೊಂಡೇ ಎದ್ದವು, ಈಚೆಯವರು ಬಿಟ್ಟ ಅದೇ ಸ್ವರವನ್ನು ಎತ್ತಿಕೊಂಡವು. ನೆತ್ತಿ, ಕಿವಿ, ಭುಜ. ಹೊಟ್ಟೆಗೆ ಇಳಿದು ಎದೆಗೆ ಒಂದು ಸಣ್ಣ ಏರು. ಮತ್ತೆ ಹೊಟ್ಟೆ, ಸೊಂಟ. ಚುಕ್ಕೆಯ ಮೇಲೆ ಕುಳಿತರು, ಅವಸರ ಮಾಡಲಿಲ್ಲ. ಆಮೇಲೆ ಮೊಣಕಾಲು. ಅತ್ತೆ, ರಾಗ ಮನೆಗೆ ಬಂತು.

 ದಿನವಿಡೀ ಬಾಯಿ ಮುಚ್ಚದ ಮಕ್ಕಳು ಕೈಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಹಾಗೇ ಕುಳಿತಿದ್ದರು. ತಾವೇ ಮಾಡಿದ್ದು ಏನೆಂದು ಅವರಿಗೂ ಗೊತ್ತಾಗಿತ್ತು.

ಮೊದಲು ಬಾಯಿ ಬಿಟ್ಟವಳು ಈಚೆಯ ಬೊಚ್ಚಿ. "ಟೀಚರ್, ಅವ್ರು ತಪ್ಪು ಹಾಡಿದ್ರು" ಅಂದಳು, ಆದರೆ ಬಹಳ ಮೆಲ್ಲಗೆ.

"ತಪ್ಪೇನಿಲ್ಲ, ಇಲ್ಲಿ ಇರೋದನ್ನೇ ಹಾಡಿದ್ವಿ, ಬೇಕಾದ್ರೆ ಬಂದು ನೋಡು" ಎಂದು ಆಚೆಯಿಂದ ಉತ್ತರ ಬಂತು.

ಅವಳು ಎದ್ದು ಹಗ್ಗದ ಕೆಳಗೆ ನುಸುಳಿ ಆಚೆ ಹೋದಳು. ನಾನೂ ಹೋದೆ. ಇಬ್ಬರೂ ನಿಂತು ನೋಡಿದೆವು. ಕಿಟಕಿಯ ಬೆಳಕು ಹಾಳೆಯ ಮೂಲಕ ಬರುತ್ತಿತ್ತು. ನಿಮ್ಮದೇ ಶಾಯಿ, ನಿಮ್ಮದೇ ಚುಕ್ಕೆಗಳು, ಮೇಲಿನಿಂದ ಕೆಳಕ್ಕೆ. "ಇದು ಮುಂಚಿಂದಾನೂ ಇಲ್ಲೇ ಇತ್ತಾ?" ಎಂದು ಅವಳು ಕೇಳಿದಳು. ಹೌದೆಂದು ತಲೆಯಾಡಿಸಿದೆ.

ಆ ದಿನ ಮನೆಗೆ ಹೋಗುವ ಗಂಟೆ ಹೊಡೆಯುವವರೆಗೆ ಅದನ್ನೇ ಹಾಡಿದರು. ಬದಿ ಬದಲಾಯಿಸಿಕೊಂಡು ಹಾಡಿದರು. ಎಲ್ಲರಿಗೂ ಇಳಿಯುವ ಕಡೆಯೇ ಬೇಕು. ಟ್ಯಾಂಕ್ ಹತ್ತಿದ್ದವನು ಮಾತ್ರ ಎರಡೂ ಕಡೆ ಹಾಡಿದ.

ನಿಮ್ಮ ಹಾಳೆಯನ್ನು ಹುಷಾರಾಗಿ ಸುರುಳಿ ಸುತ್ತಿ ವಾಪಸು ಕಳಿಸುತ್ತಿದ್ದೇನೆ. ಒಂದು ಮೂಲೆಯಲ್ಲಿ ನೀಲಿ ಬೆರಳಚ್ಚು ಇದೆ, ಅದು ನನ್ನದಲ್ಲ.

ಹೊಸ ವರ್ಷ ಹತ್ತಿರ ಬರುತ್ತಿದೆ. ನಾನು ಬೇರೇನೂ ಹೇಳುವುದಿಲ್ಲ. ನೀವೇ ಒಮ್ಮೆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ.

ನಿಮ್ಮ ಗುಬ್ಬಿ


ಡಿಸೆಂಬರ್ ೧೬

ನನ್ನ ಗುಬ್ಬಿಗೆ,

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು. ರಾಗವನ್ನು ಹಿಂದುಮುಂದಾಗಿ ನುಡಿಸುವುದು ನನಗೆ ಗೊತ್ತಿಲ್ಲದ ವಿದ್ಯೆಯೇ? ನಿನಗೆ ಬೆರಳು ಪಳಗಲಿ ಎಂದು ನಾನೇ ಅದನ್ನು ಪಾಠವಾಗಿ ಕೊಟ್ಟಿಲ್ಲವೇ? ನೀನು ಮುಖ ಊದಿಸಿಕೊಂಡು ಬಾರಿಸುತ್ತಿದ್ದೆ. ಆದರೆ ಈ ರಾಗಕ್ಕೆ ಅದನ್ನು ಮಾಡಿ ನೋಡಲಿಲ್ಲ. ಇಷ್ಟು ಎತ್ತರ ಹತ್ತಿದ್ದಕ್ಕೆ ಇಳಿಯುವ ದಾರಿ ಹೊಸದೇ ಇರಬೇಕು ಎಂದು ನನ್ನ ಹಠ. ಹತ್ತಿದ ಮೆಟ್ಟಿಲಿನಲ್ಲೇ ಇಳಿಯುವುದು ನನಗೆ ಅವಮಾನವೆನಿಸುತ್ತಿತ್ತು.

ಹಾಳೆಯನ್ನು ಅಡುಗೆಮನೆಯ ಕಿಟಕಿ ಗಾಜಿಗೆ ಅಂಟಿಸಿದೆ. ಒಳಗಿನಿಂದ ನೋಡಿದರೆ ನಾನು ಬಿಡಿಸಿದ್ದೇ. ಆಮೇಲೆ ಮೆಟ್ಟಿಲಿಳಿದು ಹೊರಗೆ ಹೋದೆ. ಬೀದಿಯಲ್ಲಿ ನಿಂತು ತಲೆಯೆತ್ತಿ ನೋಡಿದೆ. ಒಳಗೆ ದೀಪ ಹಚ್ಚಿಟ್ಟು ಬಂದಿದ್ದೆ, ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ದಾರಿಹೋಕರು ಈ ಮುದುಕಿ ತನ್ನ ಮನೆಯ ಕಿಟಕಿಯನ್ನೇ ಕಣ್ಣು ಬಾಯಿ ಬಿಟ್ಟು ನೋಡುತ್ತಿದ್ದಾಳಲ್ಲ ಎಂದು ಸುತ್ತು ಹಾಕಿಕೊಂಡು ಹೋದರು. ನಾನು ಆ ಮನೆಯಲ್ಲಿ ಇಷ್ಟು ವರ್ಷ ಇದ್ದೇನೆ ಗುಬ್ಬಿ, ಆ ಕಿಟಕಿಯನ್ನು ಹೊರಗಿನಿಂದ ಒಮ್ಮೆಯೂ ನೋಡಿರಲಿಲ್ಲ. ನೋಡುತ್ತಾ ನೋಡುತ್ತಾ ನನ್ನ ಕೈ ತಾನಾಗಿಯೇ ಮೇಲಿನಿಂದ ನೆತ್ತಿಗೆ, ನೆತ್ತಿಯಿಂದ ಭುಜಕ್ಕೆ ಇಳಿಯತೊಡಗಿತು. ನಾಚಿಕೆಯಾಗಲಿಲ್ಲ.

ಒಳಗೆ ಬಂದು ಪೆಟ್ಟಿಗೆ ತೆರೆದೆ. ಪಿಟೀಲನ್ನು ಗದ್ದಕ್ಕೆ ಒತ್ತಿಕೊಂಡು ಆ ಬಾಗಿಲಲ್ಲೇ ನಿಂತು ನುಡಿಸಿದೆ. ಕಿವಿಗೆ ಏನೂ ಬರಲಿಲ್ಲ. ಗದ್ದಕ್ಕೆ ಬಂತು, ಹೆಗಲ ಮೂಳೆಗೆ ಬಂತು. ಮೇಲಿನ ಸ್ವರ ಸೂಜಿಯ ಹಾಗೆ ಹಲ್ಲಿಗೆ ತಾಗಿತು. ಅಲ್ಲಿ ನಿಂತೆ. ಎಂದಿನ ಅಭ್ಯಾಸ, ಕಮಾನು ಕೆಳಗಿಡಲು ಹೊರಟಿತ್ತು. ಇಡಲಿಲ್ಲ. ನಿನ್ನ ಮಕ್ಕಳು ಹೇಳಿದ ದಾರಿಯಲ್ಲಿ ಒಂದೊಂದೇ ಇಳಿದೆ. ಕೆಳಗಿನ ತಂತಿಗೆ ಬಂದಾಗ ಅದರ ಗುಂಯ್ ಎನ್ನುವುದು ಎದೆಯ ತುಂಬ ಹರಡಿ, ಮೆಲ್ಲಗೆ ಸಪೂರವಾಗುತ್ತಾ ಹೋಯಿತು. ಎಲ್ಲಿ ಮುಗಿಯಿತು ಎಂದು ನನಗೆ ತಿಳಿಯಲಿಲ್ಲ. ಬೊಚ್ಚಿ ಸರಿಯಾಗಿಯೇ ಹೇಳಿದ್ದಾಳೆ, ಅಲ್ಲಿ ಇನ್ನೂ ಇದೆ.

ತಿರುಗಿ ನೋಡಿದರೆ ಕೆಳಗಿನ ಮನೆಯ ಹೊಲಿಗೆಯಾಕೆ ಒಳಗೆ ನಿಂತಿದ್ದಾಳೆ, ಕತ್ತಿನಲ್ಲಿ ಅಳತೆ ಟೇಪು, ಕೈಯಲ್ಲಿ ಅರ್ಧ ಹೊಲಿದ ಅಂಗಿಯ ತೋಳು. ನಾನು ಆ ರಾಗ ಶುರುಮಾಡಿದಾಗಿನಿಂದ ಆಕೆ ಕೆಳಗೇ ಇದ್ದಾಳೆ. ಅದು ಮೇಲೆ ಹತ್ತಿ ನಿಂತುಬಿಡುವುದನ್ನು ನನ್ನಷ್ಟೇ ಸಲ ಆಕೆಯೂ ಕೇಳಿದ್ದಾಳೆ. ನನಗೆ ಆ ಯೋಚನೆಯೇ ಬಂದಿರಲಿಲ್ಲ. ಸ್ಲೇಟು ತೆಗೆದುಕೊಂಡು ಬರೆದಳು: "ಸ್ವಲ್ಪ ಅಪಸ್ವರ." ಸೀಮೆಸುಣ್ಣ ಕೆಳಗಿಟ್ಟಳು. ಮತ್ತೆ ಎತ್ತಿಕೊಂಡು, ಎಂದೂ ಇಲ್ಲದ್ದು, ಇನ್ನೊಂದು ಸಾಲು ಬರೆದಳು: "ಅಂತೂ ಇಳಿದು ಬಂದ್ರಲ್ಲ." ಆಮೇಲೆ ಆ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ಯಾರ ಬಟ್ಟೆಯೋ ಏನೋ.

ಆ ಸ್ಲೇಟನ್ನು ನಾನು ಒರೆಸಿಲ್ಲ. ಅಂಗಡಿಯಿಂದ ಬೇರೆ ಸ್ಲೇಟು ತಂದಿದ್ದೇನೆ.

ರಂಗಮಂದಿರದ ಹುಡುಗಿಗೆ ಹೊಸ ವರ್ಷಕ್ಕೆ ಬರಬೇಡ ಎಂದು ಬರೆದೆ. ಕಾಯಿಸಿದ್ದಕ್ಕೆ ಕ್ಷಮೆಯನ್ನೂ ಕೇಳಿದೆ.

ಮುಂದಿನ ಸೋಮವಾರ ನಿನ್ನ ಶಾಲೆಗೆ ಬರುತ್ತೇನೆ, ಪಿಟೀಲು ತರುತ್ತೇನೆ. ಶ್ರುತಿ ನೀನು ಮಾಡಿಕೊಡಬೇಕು, ಆ ಕೆಲಸಕ್ಕೆ ನಾನು ಇನ್ಯಾರನ್ನೂ ನಂಬುವುದಿಲ್ಲ. ಕೈ ತೊಳೆದುಕೊಂಡು ಮುಟ್ಟು. ಹಾಳೆಯನ್ನು ಅದೇ ಹಗ್ಗಕ್ಕೆ ತೂಗುಹಾಕು, ಮಕ್ಕಳನ್ನೆಲ್ಲ ಆಚೆ ಬದಿಗೆ ಕೂರಿಸು. ಈಚೆ ನಾನೊಬ್ಬಳೇ ನಿಲ್ಲುತ್ತೇನೆ. ಹತ್ತುವುದು ನನಗೆ ಗೊತ್ತು. ಇಳಿಸಿಕೊಳ್ಳುವುದು ಅವರ ಕೆಲಸ ಎಂದು ಹೇಳು.

ಅವರ ದನಿ ನನಗೆ ಕೇಳಿಸುವುದಿಲ್ಲ. ತೆಳು ಹಾಳೆ, ಕಿಟಕಿ ಮುಚ್ಚಿ ಅವರ ಬೆನ್ನ ಹಿಂದೆ ಒಂದು ದೀಪ ಇಟ್ಟರೆ ಆಚೆ ಇರುವವರ ಕೈಗಳ ನೆರಳು ಕಂಡೇ ಕಾಣುತ್ತದೆ. ಅವು ಮೊಣಕಾಲಿಗೆ ಬಂದಾಗ ನಾನು ಕಮಾನು ಕೆಳಗಿಡುತ್ತೇನೆ.

ನಿನ್ನ ಅತ್ತೆ